ಸಹಾಯ ಬೇಕು: 9 ವರ್ಷ ಕಾದಿದ್ದು ಸಾಲದಾ?

ಎಲ್ಲರಿಗೂ ನಮಸ್ಕಾರ. ಗೆಳೆಯನೊಬ್ಬನನ್ನು ಪೊಲೀಸ್ ವಶದಲ್ಲಿ ಹೊಡೆದ ಕೇಸು 9 ವರ್ಷದಿಂದ ಕೆಳಗಿನ ಕೋರ್ಟಲ್ಲೇ ಕೊಳೆಯುತ್ತಿದೆ. ಅವನ ಫೈಲಿನ ತುಂಬ ಬರೀ ವಿಚಾರಣೆ ಮುಂದೂಡಿದ ಆದೇಶಗಳು, ಒಂದರಲ್ಲೂ ಕಾರಣ ಬರೆದಿಲ್ಲ. ಅವನಿರುವ ದೇಶ ಐಚ್ಛಿಕ ಪ್ರೋಟೋಕಾಲ್ (ಹಕ್ಕು ಉಲ್ಲಂಘನೆಯಾದ ವ್ಯಕ್ತಿಯೇ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಲು ಬಿಡುವ ಒಪ್ಪಂದ) ಒಪ್ಪಿದೆ. ಹಾಗಾಗಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಡೋಣ ಅಂತಿದ್ದೇವೆ.

ಮೊದಲು ದೇಶದೊಳಗಿನ ಕಾನೂನಿನ ದಾರಿಗಳೆಲ್ಲ ಮುಗಿದಿರಬೇಕು, ಗೊತ್ತು. ಆದರೆ ಅದೇ ಪ್ರೋಟೋಕಾಲಿನ 5ನೇ ವಿಧಿಯಲ್ಲಿ, ಆ ದಾರಿಗಳು ವಿನಾಕಾರಣ ಎಳೆದಾಡುತ್ತಿದ್ದರೆ ಈ ನಿಯಮ ಅನ್ವಯಿಸಲ್ಲ ಅಂತಿದೆ. 'ಅಲ್ಲಿ ನ್ಯಾಯ ಸಿಗಲ್ಲ' ಅಂತ ಸುಮ್ನೆ ಹೇಳಿದರೆ ಸಮಿತಿ ಒಪ್ಪಲ್ಲ ಅಲ್ವಾ?

ಬೇಗ ವಿಚಾರಣೆ ಮಾಡಿ ಅಂತ ಮೇಲಿನ ಕೋರ್ಟಿಗೆ ಅವನು ಅರ್ಜಿ ಹಾಕಿಲ್ಲ. ಇದೇ ನನ್ನ ಭಯ. ಈಗ ಹಾಕಿ ಕಾಯಬೇಕಾ, ನೇರವಾಗಿ ದೂರು ಕೊಡಬಹುದಾ? ಇಂಥ ಕೇಸು ನೋಡಿರುವ ವಕೀಲರು ದಯವಿಟ್ಟು ಹೇಳಿ. ಅವನಿಗೆ ಇವತ್ತಿಗೂ ಎಡಗಿವಿ ಕೇಳಿಸಲ್ಲ.