ಡಾಕ್ಟರನ್ನು ಕೇಳಿ: ನಾಯಿಯನ್ನು ಆರ್‌ವಿಗೆ ಹತ್ತಿಸೋದು, ಇಳಿಸೋದು

ಅಡ್ಮಿನ್: ಅಮೆರಿಕ, ಕೆನಡಾದಲ್ಲಿ ನಾಯಿ ಸಾಕಿರುವ ನಮ್ಮ ಬಳಗದ ವಾರದ ಪ್ರಶ್ನೋತ್ತರ. ಆರ್‌ವಿ ಅಂದ್ರೆ ಒಳಗೇ ಉಳಿದುಕೊಂಡು ಪ್ರವಾಸ ಮಾಡೋ ಮನೆಗಾಡಿ, ಮೋಟಾರ್‌ಹೋಮ್ ಅಥವಾ ಟ್ರೇಲರ್. ಉತ್ತರಿಸೋರು ನಮ್ಮ ಪಶುವೈದ್ಯೆ ಮೇಡಂ. ತಳಿ, ವಯಸ್ಸು, ತೂಕ, ಬಾಗಿಲಿನ ಎತ್ತರ ಬರೆದು ಕೇಳಿ. ಫಾರ್ವರ್ಡ್ ಹಾಕಬೇಡಿ.

ಬ್ರೂನೋ ಅಮ್ಮ: ನಮಸ್ಕಾರ ಮೇಡಂ. ಬ್ರೂನೋ ಲ್ಯಾಬ್, 11 ವರ್ಷ, 78 ಪೌಂಡ್. ಬಾಡಿಗೆ ಮೋಟಾರ್‌ಹೋಮ್‌ನ ಹೊಸ್ತಿಲು ನೆಲದಿಂದ 30 ಇಂಚು, ಮಡಚೋ ಮೆಟ್ಟಿಲು ಎರಡು. ಹತ್ತುತ್ತಾನೆ, ಇಳಿಯೋಕೆ ಮಾತ್ರ ಒಪ್ಪಲ್ಲ, ಬಾಗಿಲಲ್ಲಿ ನಿಂತು ನಡುಗ್ತಾನೆ. ಕೆಳಗಿಂದ ಬಿಸ್ಕತ್ತು ತೋರಿಸಿದರೆ ಮೆಟ್ಟಿಲು ಬಿಟ್ಟು ಒಂದೇ ಸಲ ಹಾರ್ತಾನೆ. ಮನೆ ಮೆಟ್ಟಿಲಲ್ಲಿ ಈ ತಕರಾರೇ ಇಲ್ಲ.

ಡಾಕ್ಟರ್: ಇದನ್ನ ಹಠ ಅಂದ್ಕೋಬೇಡಿ. ಹತ್ತುವಾಗ ಹಿಂಗಾಲು ದೂಡುತ್ತೆ, ಇಳಿಯುವಾಗ ಭಾರವೆಲ್ಲ ಮುಂಗಾಲಿಗೆ ಬೀಳುತ್ತೆ. ವಯಸ್ಸಾದ ಲ್ಯಾಬ್‌ಗಳಿಗೆ ಮುಂಗಾಲಿನ ಮೊಣಕೈ ಕೀಲು ಸವೆದಿರೋದು ಸಾಮಾನ್ಯ, ಅದನ್ನ ನಿಮ್ಮ ಡಾಕ್ಟರಿಗೆ ತೋರಿಸಿಯೇ ಹೊರಡಿ. ಆದರೆ ಮನೇಲಿ ಸಲೀಸಾಗಿ ಇಳೀತಾನೆ ಅಂದಿರಲ್ಲ, ಹಾಗಾಗಿ ಮೆಟ್ಟಿಲನ್ನೂ ನೋಡಬೇಕು. 30 ಇಂಚನ್ನ ಎರಡು ಮೆಟ್ಟಿಲು ಮೂರು ಪಾಲು ಮಾಡುತ್ತೆ, ಪಾಲಿಗೆ 10 ಇಂಚು. ಮನೆ ಮೆಟ್ಟಿಲು ಏಳು, ಏಳೂವರೆ. ಗಾಡಿ ನಿಲ್ಲಿಸೋ ಕ್ಯಾಂಪಿನ ಸೈಟ್ ಇಳಿಜಾರಾಗಿದ್ದರೆ ಕೊನೆ ಮೆಟ್ಟಿಲಿಂದ ನೆಲಕ್ಕೆ 13-14 ಕೂಡ ಆಗುತ್ತೆ. ಅದರ ಮೇಲೆ ಮೆಟ್ಟಿಲೆಲ್ಲ ತೂತು ತೂತು ಜಾಲರಿ, ಮೇಲಿಂದ ನೋಡಿದರೆ ಕೆಳಗಿನ ನೆಲವೇ ಕಾಣುತ್ತೆ. 11 ವರ್ಷಕ್ಕೆ ಕಣ್ಣಿನ ಮಸೂರ ಸಾಮಾನ್ಯವಾಗಿ ಮಬ್ಬಾಗಿರುತ್ತೆ, ಆಳದ ಅಂದಾಜು ಸರಿಯಾಗಿ ಸಿಗದೇ ಇರಬಹುದು.

ಮಾಡಬೇಕಾದ್ದು: ಎರಡೂ ಮೆಟ್ಟಿಲಿಗೆ ಸುತ್ತಿ ಸ್ಪ್ರಿಂಗ್‌ನಿಂದ ಬಿಗಿಯೋ ಕಾರ್ಪೆಟ್ ಸಿಗುತ್ತೆ, ಅದನ್ನ ಹಾಕಿ. ಹಾಕಿದ ಮೇಲೆ ಅಂಗೈ ಒತ್ತಿ ಮುಂದಕ್ಕೆ ಎಳೆದು ನೋಡಿ. ಕಾಲಿಂಚು ಜಾರಿದರೂ ಕಾರ್ಪೆಟ್ ಇಲ್ಲದ ಮೆಟ್ಟಿಲೇ ವಾಸಿ. ಜಾಲರಿಗೆ ಉಗುರು ಸಿಕ್ಕಿ ಬುಡದಿಂದ ಕಿತ್ತು ಬರೋದೂ ಬಿಗಿಯಾಗಿ ಕೂತ ಕಾರ್ಪೆಟ್‌ನಿಂದ ತಪ್ಪುತ್ತೆ. ಮೆಟ್ಟಿಲ ಅಂಚಿಗೆ ಹಳದಿ ಅಥವಾ ನೀಲಿ ಟೇಪ್ ಅಂಟಿಸಿ; ಕೆಂಪು ಬೇಡ, ನಾಯಿಗೆ ಕೆಂಪು-ಹಸಿರಿನ ವ್ಯತ್ಯಾಸ ತಿಳಿಯಲ್ಲ. ಕೆಳಗೆ 7 ಇಂಚಿನ ಅಗಲ ಪ್ಲಾಟ್‌ಫಾರ್ಮ್ ಮೆಟ್ಟಿಲು ಒಂದು ಇಡಿ. ಹಿಡಿಕೆ ಇರೋ ಹಾರ್ನೆಸ್ (ಎದೆಪಟ್ಟಿ) ಹಾಕಿ, ನೀವು ನೆಲದ ಮೇಲೆ ಅವನ ಪಕ್ಕಕ್ಕೆ ನಿಲ್ಲಿ. ಎದುರಿಗೆ ನಿಂತರೆ 78 ಪೌಂಡ್ ನಿಮ್ಮ ಮೇಲೇ ಬೀಳುತ್ತೆ. ಬಿಸ್ಕತ್ತು ದೂರದಿಂದ ತೋರಿಸೋದಕ್ಕೇ ಅವನು ಹಾರೋದು. ಮೂಗಿನ ಕೆಳಗೆ, ಮುಂದಿನ ಮೆಟ್ಟಿಲಿಗೆ ತಾಗಿಸಿ ಹಿಡೀರಿ. ಮೆಟ್ಟಿಲಿಗೊಂದು ಚೂರು.

ರಾಯರು: ಇಷ್ಟೆಲ್ಲ ಸರ್ಕಸ್ ಯಾಕೆ? ಆರಡಿ ರ‍್ಯಾಂಪ್ ಹಾಕಿ, ಮುಗೀತು.

ಕೂಪರ್ ಅಪ್ಪ: ರಾಯರೇ, 30 ಇಂಚಿಗೆ ಆರಡಿ ರ‍್ಯಾಂಪ್ ಅಂದ್ರೆ 25 ಡಿಗ್ರಿ, ನಾಯಿಗೆ ತುಂಬಾ ಕಡಿದು. ಎಸ್‌ಯುವಿಯ 24 ಇಂಚಿಗೆ ಅದು ಸರಿ, 20 ಡಿಗ್ರಿ ಒಳಗೆ ಬರುತ್ತೆ. ಆರ್‌ವಿಗೆ ಎಂಟಡಿ ಬೇಕು, ಆಗ 18.

ರಾಯರು: ಎಂಟಡಿ ಎಲ್ಲಿ ಹಾಸ್ತೀರಿ, ಪಕ್ಕದ ಸೈಟಿನವರ ಊಟದ ಮೇಜಿನ ಮೇಲಾ?

ಪಿಂಕಿ ಅಜ್ಜಿ: 🙏 ಬಂದದ್ದನ್ನು ಹಂಚಿಕೊಂಡಿದ್ದೇನೆ 🙏 ನಾಯಿ ಮೆಟ್ಟಿಲು ಹತ್ತದಿದ್ದರೆ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸೊಂಟಕ್ಕೆ ಬಿಸಿ ಹರಳೆಣ್ಣೆ ತಿಕ್ಕಿ, ಮೊಸರನ್ನದಲ್ಲಿ ಅರ್ಧ ಐಬುಪ್ರೊಫೆನ್ ಕೊಡಿ. ಮೂರೇ ದಿನದಲ್ಲಿ ಓಡುತ್ತದೆ.

ಡಾಕ್ಟರ್: ಅಮ್ಮಾ, ಇದನ್ನ ದಯವಿಟ್ಟು ಅಳಿಸಿ. ಐಬುಪ್ರೊಫೆನ್ ನಾಯಿಗೆ ವಿಷ: ಹೊಟ್ಟೆಯಲ್ಲಿ ಹುಣ್ಣು, ರಕ್ತವಾಂತಿ, ಮೂತ್ರಪಿಂಡಕ್ಕೆ ಪೆಟ್ಟು. ನ್ಯಾಪ್ರಾಕ್ಸೆನ್, ಡೈಕ್ಲೋಫಿನಾಕ್ ಕೂಡ ಹಾಗೇ. ಮನುಷ್ಯರ ನೋವಿನ ಮುಲಾಮು ಹಚ್ಚಿದರೆ ನೆಕ್ಕಿ ಒಳಗೆ ತಗೊಳ್ಳುತ್ತೆ. ಇನ್ನು ಕಾಲಿಗೆ ಎಣ್ಣೆ ಹಚ್ಚಿ ಅಲ್ಯುಮಿನಿಯಂ ಮೆಟ್ಟಿಲು ಹತ್ತಿಸೋದು ಯಾರ ತಲೆಗೆ ಹೊಳೀತೋ! ಹಿಡಿತ ಬೇಕಂದ್ರೆ ಉಗುರು ಕತ್ತರಿಸಿ, ಪಾದದ ಸಂದಿಯ ಕೂದಲು ಟ್ರಿಮ್ ಮಾಡಿ.

ಪಿಂಕಿ ಅಜ್ಜಿ: ಸರಿ ಡಾಕ್ಟ್ರೇ. ಅರಿಶಿನ ಕೊಡಬಹುದಾ?

ಸಿಂಬಾ ಫ್ರಿಸ್ಕೋ: ಮೇಡಂ, ಗೋಲ್ಡನ್ ರಿಟ್ರೀವರ್‌ಗೆ ರ‍್ಯಾಂಪ್ ಎಷ್ಟು ಉದ್ದ ಬೇಕು?

ಡಾಕ್ಟರ್: ಎತ್ತರ ಬರೀರಿ. ಲೆಕ್ಕ ಮೇಲಿದೆ.

ಸ್ವೀಟಿ ಅಪ್ಪ: ನಮ್ಮದು ಡ್ಯಾಶುಂಡ್, 6 ವರ್ಷ, 19 ಪೌಂಡ್. ನಿನ್ನೆ ಟ್ರೇಲರ್ ಬಾಗಿಲಿಂದ ಹಾರಿದಳು. ಇವತ್ತು ಎತ್ತಿದರೆ ಕಿರುಚ್ತಾಳೆ, ಬೆನ್ನು ಗೂನು ಮಾಡ್ಕೊಂಡು ನಿಲ್ತಾಳೆ, ಬಲಗಡೆ ಹಿಂಪಾದ ಮಡಚಿ ಎಳೀತಾಳೆ. ಊಟ ಮಾಡಿದಾಳೆ. ಚಿಕ್ಕ ತಳಿಗೆ ಯಾವ ರ‍್ಯಾಂಪ್ ಒಳ್ಳೇದು?

ಡಾಕ್ಟರ್: ರ‍್ಯಾಂಪ್ ವಿಷಯ ಬಿಡಿ. ಈಗಲೇ ಎಮರ್ಜೆನ್ಸಿಗೆ ಹೊರಡಿ, ನಾಳೆ ಬೆಳಿಗ್ಗೆ ತನಕ ಕಾಯಬೇಡಿ. ನೀವು ಬರೆದಿರೋದು ಬೆನ್ನುಮೂಳೆಯ ಡಿಸ್ಕ್ ಜರುಗಿ ನರ ಒತ್ತಿದ ಲಕ್ಷಣ. ಡ್ಯಾಶುಂಡ್‌ಗಳ ಡಿಸ್ಕ್ ಚಿಕ್ಕ ವಯಸ್ಸಿಗೇ ಗಟ್ಟಿಯಾಗುತ್ತೆ, ಒಂದು ಹಾರಾಟ ಸಾಕು. ಊಟ ಮಾಡಿದಾಳೆ ಅನ್ನೋದರಿಂದ ಏನೂ ಸಾಬೀತಾಗಲ್ಲ. ಇವತ್ತು ಪಾದ ಮಡಚಿ ಎಳೆಯೋ ನಾಯಿ ಕೆಲವು ಗಂಟೆಯಲ್ಲಿ ಹಿಂಗಾಲು ಎತ್ತದ ಸ್ಥಿತಿಗೆ ಹೋಗಬಹುದು. ಬೆರಳು ಚಿವುಟಿದ್ದೂ ತಿಳಿಯದ ಹಂತಕ್ಕೆ ಹೋದರೆ ಆಪರೇಷನ್ ಆದರೂ ನಡೆಯೋ ಭರವಸೆ ತುಂಬಾ ಇಳಿಯುತ್ತೆ. ಚಿವುಟಿ ನೋಡೋ ಕೆಲಸ ನೀವು ಮಾಡಬೇಡಿ.

ಎತ್ತೋ ರೀತಿ: ಒಂದು ಕೈ ಎದೆಯ ಕೆಳಗೆ, ಇನ್ನೊಂದು ತೊಡೆಗಳ ಹಿಂದಿನಿಂದ ಕುಂಡೆಯ ಕೆಳಗೆ. ಬೆನ್ನು ನೆಲಕ್ಕೆ ಸಮವಾಗಿ ಇರಬೇಕು, ನಿಮ್ಮ ಎದೆಗೆ ಒರಗಿರಬೇಕು. ಮಗು ಎತ್ತಿದ ಹಾಗೆ ಕಂಕುಳಲ್ಲಿ ಕೈ ಹಾಕಿದರೆ ಹಿಂಭಾಗ ಜೋತುಬಿದ್ದು ಡಿಸ್ಕ್ ಇನ್ನೂ ಹೊರಬರುತ್ತೆ. ನಾಯಿ ಸಾಗಿಸೋ ಚಿಕ್ಕ ಪೆಟ್ಟಿಗೆ, ಅಂದ್ರೆ ಕ್ರೇಟ್‌ನಲ್ಲಿ ಮಲಗಿಸಿ, ಎರಡು ಪಕ್ಕಕ್ಕೂ ಟವಲ್ ಸುತ್ತಿ ಇಡಿ, ಕ್ರೇಟನ್ನ ಸೀಟ್ ಬೆಲ್ಟ್‌ನಿಂದ ಕಟ್ಟಿ. ಮಸಾಜ್, ಮಾತ್ರೆ ಏನೂ ಬೇಡ. ಈಗ ಆಸ್ಪಿರಿನ್ ಕೊಟ್ಟರೆ ಅಲ್ಲಿ ಕೊಡಬೇಕಾದ ಔಷಧಕ್ಕೆ ಅಡ್ಡ ಬರುತ್ತೆ. ಹೊರಡೋ ಮುಂಚೆ ಫೋನ್ ಮಾಡಿ, ಎಂಆರ್‌ಐ ಮತ್ತು ನರ ಶಸ್ತ್ರಚಿಕಿತ್ಸಕರು ಇದ್ದಾರಾ ಕೇಳಿ. ಕೊನೇ ಸಲ ಮೂತ್ರ ಮಾಡಿದ್ದು ಯಾವಾಗ ಅಂತ ನೆನಪಿಟ್ಟು ಹೇಳಿ.

ಸ್ವೀಟಿ ಅಪ್ಪ: ಹೊರಟ್ವಿ. ದಾರಿ ಎರಡು ಗಂಟೆ.

ಕೂಪರ್ ಅಪ್ಪ: ನೋಡಿ ರಾಯರೇ, ಇದಕ್ಕೇ ಹೇಳಿದ್ದು. ರ‍್ಯಾಂಪ್ ಕಡಿದಾದರೆ ನಾಯಿ ಅರ್ಧದಲ್ಲೇ ಹಾರುತ್ತೆ.

ರಾಯರು: ಅವರ ನಾಯಿ ರ‍್ಯಾಂಪಿಂದ ಹಾರಿದ್ದಲ್ಲ ಸ್ವಾಮಿ, ಓದಿ ಬರೀರಿ. ರ‍್ಯಾಂಪ್ ಜಾರೋದು ಕೋನದಿಂದಲ್ಲ, ಮೇಲಿನ ತುದಿ ಕಟ್ಟದಿರೋದರಿಂದ. ಹೊಸ್ತಿಲ ಮೇಲೆ ಮೂರು ಇಂಚಾದರೂ ಕೂತಿರಬೇಕು, ಪಟ್ಟಿ ಹಾಕಿ ಬಾಗಿಲ ಪಕ್ಕದ ಹಿಡಿಕೆಗೆ ಬಿಗೀಬೇಕು. ಇಲ್ಲಾಂದ್ರೆ ಕೊನೇ ಹೆಜ್ಜೆಯಲ್ಲಿ ನಾಯಿ ಹಿಂಗಾಲಿಂದ ಒದ್ದಾಗ ರ‍್ಯಾಂಪ್ ಹಿಂದಕ್ಕೆ ಓಡುತ್ತೆ.

ಕೂಪರ್ ಅಪ್ಪ: ಜಲ್ಲಿಕಲ್ಲಿನ ಮೇಲೆ ಕೆಳಗಿನ ತುದಿಯೂ ಓಡುತ್ತೆ, ರಬ್ಬರ್ ಮ್ಯಾಟ್ ಹಾಕಬೇಕು. ಗಾಡಿ ಅಲ್ಲಾಡದ ಹಾಗೆ ನೆಲಕ್ಕೆ ಊರೋ ಜಾಕ್ ಇಳಿಸದೆ ನಾಯಿ ಹತ್ತಿಸಿದರೆ ಗಾಡಿಯೇ ತೂಗಾಡುತ್ತೆ. ಅದನ್ನ ಹೇಳಲಿಲ್ಲ ನೀವು.

ರಾಯರು: ಎಲ್ಲಾ ನಾನೇ ಹೇಳಬೇಕಾ? ನೀವು ಇರೋದು ಡಿಗ್ರಿ ಎಣಿಸೋಕಾ?

ಮೈಸೂರು ರಾಕಿ: ಟೆಂಪೋ ಟ್ರಾವೆಲರ್‌ಗೂ ಇದೇ ಲೆಕ್ಕನಾ? ನಮ್ಮದು ಇಂಡಿ ನಾಯಿ, ಮೂರು ಕಾಲು.

ಬ್ರೂನೋ ಅಮ್ಮ: ಮೇಡಂ, ರ‍್ಯಾಂಪೇ ತಗೊಂಡ್ರೆ ಕಲಿಸೋದು ಹೇಗೆ?

ಡಾಕ್ಟರ್: ಮೊದಲು ಅಂಗಳದಲ್ಲಿ ಚಪ್ಪಟೆಯಾಗಿ ಹಾಸಿ, ಮೇಲೆ ನಡೆಸಿ. ಆಮೇಲೆ ಒಂದು ತುದಿ ಇಟ್ಟಿಗೆಯ ಮೇಲೆ, ಆಮೇಲೆ ಫುಟ್‌ಪಾತ್ ಎತ್ತರ, ಕೊನೆಗೆ ಆರ್‌ವಿ. ಐದು ನಿಮಿಷ, ದಿನಕ್ಕೆ ಎರಡು ಸಲ. ಇಳಿಯೋದನ್ನ ಬೇರೆ ಪಾಠವಾಗಿ ಕಲಿಸಿ, ಹತ್ತಲು ಬಂದ ಮಾತ್ರಕ್ಕೆ ಇಳಿಯಲು ಬರಲ್ಲ. ಕತ್ತಿನ ಬೆಲ್ಟ್ ಹಿಡಿದು ಎಳೀಬೇಡಿ. ಬಿಸಿಲಲ್ಲಿ ರ‍್ಯಾಂಪಿನ ಮೇಲೆ ಅಂಗೈ ಏಳು ಸೆಕೆಂಡ್ ಇಡೋಕೆ ಆಗದಿದ್ದರೆ ನಾಯಿಯ ಪಾದಕ್ಕೂ ಆಗಲ್ಲ. 78 ಪೌಂಡ್ ನಾಯಿ ಜೊತೆ ನೀವೂ ರ‍್ಯಾಂಪ್ ಹತ್ತಬೇಡಿ, ತಡೆಯೋ ತೂಕ ಲೇಬಲ್ಲಿನ ಮೇಲಿರುತ್ತೆ.

ಸಿಂಬಾ ಫ್ರಿಸ್ಕೋ: ಎತ್ತರ 32. ಆರಡಿ ಸಾಕಾ?

ಡಾಕ್ಟರ್: ಇಲ್ಲ.

ಲೂನಾ ಚಿಕ್ಕಮ್ಮ: ಬೆಕ್ಕಿಗೂ ರ‍್ಯಾಂಪ್ ಬೇಕಾ? ಹಾಗೇ, ನಮ್ಮ ಗಾಡಿದು ಎಲೆಕ್ಟ್ರಿಕ್ ಮೆಟ್ಟಿಲು. ಮೊನ್ನೆ ನಾಯಿ ಮೇಲಿದ್ದಾಗಲೇ ಒಳಕ್ಕೆ ಸರೀತು.

ಡಾಕ್ಟರ್: ಗಾಡಿ ವಿಷಯ ಗೊತ್ತಿರೋರು ಹೇಳಿ. ಅಲ್ಲೇ ಜಗಳ ಆಡಬೇಡಿ.

ರಾಯರು: ಬಾಗಿಲ ಪಕ್ಕ ಒಳಗೆ ಸ್ವಿಚ್ ಇರುತ್ತೆ. ಮೆಟ್ಟಿಲು ಹೊರಗೆ ಬಂದ ಮೇಲೆ ಆಫ್ ಮಾಡಿ, ಅಲ್ಲೇ ನಿಲ್ಲುತ್ತೆ.

ಕೂಪರ್ ಅಪ್ಪ: ಅರ್ಧ ಮಾತು. ಎಷ್ಟೋ ಗಾಡಿಗಳಲ್ಲಿ ಸ್ವಿಚ್ ಆಫ್ ಇದ್ದರೂ, ಬಾಗಿಲು ಮುಚ್ಚಿ ಇಗ್ನಿಷನ್ ಆನ್ ಮಾಡಿದ ತಕ್ಷಣ ಮೆಟ್ಟಿಲು ಒಳಗೆ ಹೋಗುತ್ತೆ, ಗಾಡಿ ಹೊರಟಾಗ ಮೆಟ್ಟಿಲು ಹೊರಗೆ ಉಳೀಬಾರದು ಅಂತ. ಅದಕ್ಕೇ ನಾಯಿ ಒಳಗೆ ಬಂದು ಕ್ರೇಟ್ ಚಿಲಕ ಹಾಕಿದ ಮೇಲೇ ಕೀಲಿ ಕೈಗೆ ತಗೊಳ್ಳಿ. ಮೆಟ್ಟಿಲ ಮೇಲೆ ರ‍್ಯಾಂಪ್ ಹಾಸಿದ್ದರೆ ಮೊದಲು ರ‍್ಯಾಂಪ್ ತೆಗೀರಿ, ಇಲ್ಲಾಂದ್ರೆ ಮೋಟರ್ ಗೇರ್ ಹೋಗುತ್ತೆ.

ರಾಯರು: ಮೆಟ್ಟಿಲ ಮೇಲೆ ರ‍್ಯಾಂಪ್ ಹಾಸು ಅಂತ ಹೇಳಿದ್ದು ಯಾರು? ಮೆಟ್ಟಿಲು ಒಳಗೆ ಮಡಚಿ, ರ‍್ಯಾಂಪನ್ನ ಸೀದಾ ಹೊಸ್ತಿಲಿಗೆ ಹಾಕೋದು.