ಉಷಾ ಯಾರು?

"ಉಷಾ! ಉಷಾ!" ಅಂತ ಅಜ್ಜಿ ಅಡುಗೆಮನೆಯಿಂದ ಕೂಗಿದರು. ಶಿವಮೊಗ್ಗದವನು ಹೊಸ್ತಿಲಲ್ಲೇ ನಿಂತು ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ.

"ಯಾರೋ ಈ ಉಷಾ?"

"ಬಾಗಿಲು ಕಣೋ! ಇವರ ಭಾಷೆಯಲ್ಲಿ ಬಾಗಿಲಿಗೆ ಹಾಗನ್ನುತ್ತಾರೆ. ಮೊದಲು ಹಾಕು" ಅಂದೆ ನಾನು.

ಮೊಲ್ಡೋವಾದ ಕಿಶಿನೌಗೆ ಮೆಡಿಕಲ್ ಓದಲು ಬಂದು ಎರಡು ವರ್ಷವಾಗಿದ್ದರೂ ಅವನಿಗೆ ರೊಮೇನಿಯನ್‌ನಲ್ಲಿ ಬರುವುದು "ಎಷ್ಟು?" ಒಂದೇ. ಅವತ್ತು ಈಸ್ಟರ್‌ಗೆ ಮುಂಚಿನ ಗುರುವಾರ. ನಮ್ಮ ಬಾಡಿಗೆ ಮನೆಯ ಅಜ್ಜಿ ಹಬ್ಬದ ಸಿಹಿ ಬ್ರೆಡ್ಡು ಕೊಜೊನಾಕ್ ಮಾಡುತ್ತಿದ್ದರು. ಕಿಟಕಿ ಭದ್ರ, ಹೀಟರ್ ಜೋರು, ಬೋಗುಣಿಗೆ ಎರಡು ಟವೆಲ್ ಹೊದಿಕೆ. ಥೇಟ್ ಬಾಣಂತಿ ಕೋಣೆ. ಗಾಳಿ ತಗುಲಿದರೆ ಉಬ್ಬಿದ ಹಿಟ್ಟು ಕೂತುಬಿಡುತ್ತದಂತೆ.

"ಹಂಗಾರ ತಲಿಗೊಂದು ಕುಂಚಿಗಿ ಕಟ್ರಿ" ಅಂದಳು ಧಾರವಾಡದವಳು.

ಒಂದು ಕಿಲೋ ಮೈದಾಕ್ಕೆ ಎಂಟು ಮೊಟ್ಟೆಯ ಹಳದಿ, ಹಾಲು, ಬೆಣ್ಣೆ, ಸಕ್ಕರೆ, ಯೀಸ್ಟು, ತುರಿದ ನಿಂಬೆ ಸಿಪ್ಪೆ. ಬಿಳಿ ಭಾಗವೂ ದಂಡವಲ್ಲ. ಅದನ್ನು ಸಕ್ಕರೆ ಜೊತೆ ನೊರೆ ಬರುವ ಹಾಗೆ ಕಡೆದು, ಅಕ್ರೋಟು ಪುಡಿ, ಕೋಕೋ ಸೇರಿಸಿದರೆ ಹೂರಣ ರೆಡಿ. ನಾದುವ ಕೆಲಸ ಶಿವಮೊಗ್ಗದವನ ಪಾಲಿಗೆ ಬಂದಿತ್ತು. ಹಿಟ್ಟು ಕೈಗೆ ಅಂಟುವುದು ಬಿಡುವವರೆಗೂ ನಾದಬೇಕು. ಅರ್ಧ ಗಂಟೆಯಾದರೂ ಬಿಡಲಿಲ್ಲ.

"ಅನಾಟಮಿಯಲ್ಲಿ ಉರು ಹೊಡೆದ ಸ್ನಾಯುಗಳೆಲ್ಲ ಎಲ್ಲೆಲ್ಲಿವೆ ಅಂತ ಇವತ್ತು ಗೊತ್ತಾಯ್ತು" ಅಂದ ಪಾಪ.

"ಹೋಳಿಗಿ ಕಣಕಕ್ಕ ಇಷ್ಟು ನಾದಿದ್ರ ನಮ್ಮವ್ವ ನಿನಗ ಹೆಣ್ಣು ಕೊಡಸ್ತಿದ್ಲು."

ಆಮೇಲೆ ಬಂತು ನೋಡಿ ತೊಡಕು. ಹೂರಣದ ರುಚಿ ನೋಡುವವರು ಯಾರು? ಅಜ್ಜಿಗೆ ಈಸ್ಟರ್ ಮುಂಚಿನ ಏಳು ವಾರದ ವ್ರತ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಏನೂ ಮುಟ್ಟುವಂತಿಲ್ಲ. ಧಾರವಾಡದವಳು ಮೊಟ್ಟೆ ತಿನ್ನುವುದಿಲ್ಲ. ಅಜ್ಜಿಯ ವ್ರತವೇ ಅವಳಿಗೆ ಹಬ್ಬವಾಗಿತ್ತು. ಬೇಯಿಸಿ ಅರೆದ ಬೀನ್ಸ್, ಆಲೂಗಡ್ಡೆ, ಹುಳಿ ಬರಿಸಿದ ಎಲೆಕೋಸು ಅಂತ ದಿನಾ ಇಲ್ಲೇ ಉಣ್ಣುತ್ತಿದ್ದಳು. ಹಬ್ಬ ಹತ್ತಿರ ಬಂತಲ್ಲ ಅಂತ ಬೇಜಾರಾಗಿದ್ದು ಇಡೀ ಕಿಶಿನೌನಲ್ಲಿ ಬಹುಶಃ ಇವಳೊಬ್ಬಳಿಗೇ.

ಶಿವಮೊಗ್ಗದವನ ಕೈ ಹಿಟ್ಟಿನೊಳಗೆ. ಉಳಿದವನು ನಾನು.

ಮೊದಲ ಚಮಚ ತಿಂದು "ಸಕ್ಕರೆ ಕಮ್ಮಿ" ಅಂದೆ. ಎರಡನೆಯದಕ್ಕೆ "ಸರಿ ಅನಿಸುತ್ತೆ, ಇನ್ನೊಮ್ಮೆ ನೋಡ್ತೀನಿ" ಅಂದೆ. ಆಮೇಲೆ ಲೆಕ್ಕ ಇಡಲಿಲ್ಲ.

"ಲೇ, ಅದು ರುಚಿ ನೋಡೋದಲ್ಲ, ಊಟ!"

"ಶ್! ಜೋರಾಗಿ ಕೂಗಬೇಡ, ಹಿಟ್ಟು ಕೂತುಬಿಡುತ್ತೆ."

ಅಜ್ಜಿ ಉಳಿದ ಹೂರಣ ಹಚ್ಚಿ, ಸುರುಳಿ ಸುತ್ತಿ, ಎರಡೆರಡನ್ನು ಜಡೆಯಂತೆ ಹೆಣೆದು ಓವನ್ನಿಗಿಟ್ಟರು. ಮುಕ್ಕಾಲು ಗಂಟೆಗೆ ಘಮ್ಮೆನ್ನತೊಡಗಿತು. ತಿನ್ನುವ ಹಾಗಿಲ್ಲ! ಶನಿವಾರ ನಡುರಾತ್ರಿ ಚರ್ಚಿನ ಅಂಗಳದಲ್ಲಿ ಬುಟ್ಟಿಗಳ ಸಾಲು. ಬ್ರೆಡ್ಡು, ಕೆಂಪು ಮೊಟ್ಟೆ, ಉರಿಯುವ ಮೇಣದಬತ್ತಿ. ಪಾದ್ರಿಗಳು ತೀರ್ಥ ಚಿಮುಕಿಸಿಕೊಂಡು ಹೋದರು. ಒಂದು ಹನಿ ನನ್ನ ಕನ್ನಡಕಕ್ಕೂ ಬಿತ್ತು.

ಮನೆಗೆ ಬಂದು ಅಜ್ಜಿ ಕೊಜೊನಾಕ್ ಕೊಯ್ದರು. ದಪ್ಪ ಕಂದು ಸುರುಳಿ ಇರಬೇಕಾದ ಕಡೆ ಪೆನ್ಸಿಲ್ಲಿನಲ್ಲಿ ಎಳೆದಂಥ ಒಂದು ಗೆರೆ. ಅಜ್ಜಿ ಹೋಳನ್ನು ದೀಪಕ್ಕೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ನಾನು ಮೆಲ್ಲಗೆ ಎದ್ದು ಉಷಾ ಕಡೆ ಹೊರಟೆ.