ದಾವಣಗೆರೆಯಿಂದ ಕುಟ್ಟನಾಡಿಗೆ: ಯಾವ ತಿಂಗಳು, ಯಾವ ದಾರಿ?

ಮಲೇಬೆನ್ನೂರು ಭತ್ತ: ಭದ್ರಾ ಅಚ್ಚುಕಟ್ಟಿನ ಎಂಟು ಜನ ರೈತರು ಕೇರಳದ ಆಲಪ್ಪುಳಕ್ಕೆ ಹೊರಟಿದ್ದೇವೆ. ಕಾಲುವೆಗಳ ಊರು ನೋಡೋದರ ಜೊತೆಗೆ, ಹಿನ್ನೀರು ಒತ್ತರಿಸಿ ಸಮುದ್ರಮಟ್ಟಕ್ಕಿಂತ ಕೆಳಗೆ ಮಾಡಿರೋ ಕುಟ್ಟನಾಡಿನ ಗದ್ದೆಗಳನ್ನ ನೋಡಬೇಕು. ಯಾವಾಗ ಹೋಗೋದು? ರೈಲು ಯಾವುದು?

ಹರಿಹರ ನಾಲೆ: ಬೆಂಗಳೂರಿಂದ ರಾತ್ರಿಯ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಹಿಡೀರಿ. ಅದು ಆಲಪ್ಪುಳದ ಮೇಲೆ ಹೋಗಲ್ಲ, ಕೋಟ್ಟಯಂ ಮೇಲೆ ಹೋಗುತ್ತೆ. ನಿಮಗೆ ಅದೇ ಒಳ್ಳೇದು. ಕೋಟ್ಟಯಂನಿಂದ ಸರ್ಕಾರಿ ಬೋಟಲ್ಲಿ ಎರಡೂವರೆ ಗಂಟೆಗೆ ಆಲಪ್ಪುಳ, ದಾರಿಯುದ್ದಕ್ಕೂ ಗದ್ದೆಗಳೇ. ಬೋಟ್ ಕೋಡಿಮತ ಜೆಟ್ಟಿಯಿಂದಲೋ ಕಾಂಜಿರಂನಿಂದಲೋ ಅಂತ ಮೊದಲೇ ವಿಚಾರಿಸಿ. ನಡುವಿನ ಎತ್ತುಸೇತುವೆ ಕೆಟ್ಟರೆ ಕಾಂಜಿರಂನಿಂದ ಹೊರಡುತ್ತೆ.

ಜನವರಿಯಲ್ಲಿ ಹೋಗಿ. ಅಲ್ಲಿನ ಮುಖ್ಯ ಬೆಳೆ ಪುಂಜ. ಅಕ್ಟೋಬರ್, ನವೆಂಬರ್‌ನಲ್ಲಿ ನೀರು ಹೊರಹಾಕಿ ಮೊಳಕೆ ಬೀಜ ಎರಚ್ತಾರೆ, ಫೆಬ್ರುವರಿ, ಮಾರ್ಚ್‌ನಲ್ಲಿ ಕೊಯ್ಲು. ಆಗಸ್ಟ್‌ನಲ್ಲಿ ಹೋದರೆ ಬಹಳಷ್ಟು ಕಡೆ ಗದ್ದೆ ಯಾವುದು, ಕೆರೆ ಯಾವುದು ಗೊತ್ತಾಗಲ್ಲ.

ತೂಬು: ನಮ್ಮಲ್ಲಿ ನಾಲೆಯ ಕೊನೇ ಭಾಗಕ್ಕೆ ನೀರು ಮುಟ್ಟಿಸೋದೇ ಕಷ್ಟ. ಅಲ್ಲಿ ನೀರನ್ನ ಆಚೆ ಹಾಕೋದಕ್ಕೇ ಖರ್ಚು. ಅದಕ್ಕೇ ನೀರೆತ್ತೋ ಮರದ ಪಂಪು, ಪೆಟ್ಟಿ-ಪರ, ತಪ್ಪದೇ ನೋಡಿ. ಪರ ಅಂದ್ರೆ ನೆಟ್ಟಗೆ ನಿಲ್ಲಿಸಿದ, ಪೀಪಾಯಿಯಂಥ ಮರದ ಕೊಳವೆ. ಒಳಗೆ ತಿರುಗೋ ರೆಕ್ಕೆ, ಮೇಲೆ ಮೋಟಾರಿನಿಂದ ಬರೋ ಚಪ್ಪಟೆ ಬೆಲ್ಟ್. ನೀರು ಪರದಲ್ಲಿ ಮೇಲೇರಿ ಮರದ ಪೆಟ್ಟಿಯೊಳಗಿಂದ ಬಂಡಿನಾಚೆ, ಅಂದ್ರೆ ಗದ್ದೆ ಸುತ್ತಲಿನ ಏರಿಯಾಚೆ, ಬೀಳುತ್ತೆ. ಎತ್ತಬೇಕಾದ್ದು ಒಂದೆರಡು ಮೀಟರ್ ಅಷ್ಟೇ, ಆದರೆ ನೀರು ರಾಶಿಗಟ್ಟಲೆ. ನಮ್ಮ ಬೋರ್‌ವೆಲ್ ಪಂಪಿನ ಲೆಕ್ಕ ಅಲ್ಲಿ ನಡೆಯಲ್ಲ. ಮರದ ಸಂದಿ ಸೋರಿದರೆ, ಬೆಲ್ಟ್ ಜಾರಿದರೆ ಕರೆಂಟು ದಂಡ. ಅದಕ್ಕೇ ಈಗ ಕೆಲವು ಕಡೆ ಕಬ್ಬಿಣದ ಪಂಪು ಕೂರಿಸ್ತಿದ್ದಾರೆ.

ಮಲೇಬೆನ್ನೂರು ಭತ್ತ: ಅಲ್ಲಿ ಬಂಡ್ ಒಡೆಯುತ್ತೆ ಅಂತಾರಲ್ಲ, ಯಾಕೆ ಅಣ್ಣಾ?

ತೂಬು: ಹಳೇ ಬಂಡುಗಳು ಕೆರೆಯ ತಳದ ಜೇಡಿಯಿಂದಲೇ ಕಟ್ಟಿದವು. ತೆಂಗಿನ ಗೂಟ, ಬಿದಿರು ನೆಟ್ಟು, ನಡುವೆ ಮರಳು, ಸೊಪ್ಪುಸದೆ, ಜೇಡಿ ತುಂಬೋರು. ಬುಡವೇ ಮೆತ್ತಗಿರೋದರಿಂದ ವರ್ಷ ವರ್ಷ ಕುಸಿಯುತ್ತೆ. ಬೋಟಿನ ಅಲೆ ಬದಿಯನ್ನ ಕೊರೆಯುತ್ತೆ. ಹೊಳೆಯ ನೆರೆ, ಸಮುದ್ರದ ಉಬ್ಬರ ಒಟ್ಟಿಗೆ ಬಂದರೆ ಒಂದು ಕಡೆ ಬಾಯಿ ಬಿಡುತ್ತೆ, ಇಡೀ ಪಾಡಶೇಖರಂ ಮುಳುಗುತ್ತೆ. ಅಲ್ಲಿ ಗದ್ದೆಗಳ ಒಂದು ಬ್ಲಾಕಿಗೆ ಹಾಗಂತಾರೆ. ದಯವಿಟ್ಟು ಬಂಡಿನ ಅಂಚಲ್ಲಿ ಗುಂಪಾಗಿ ನಿಲ್ಲಬೇಡಿ.

ಚಿತ್ರದುರ್ಗ ಕೆಂಪುಮಣ್ಣು: ಕರಿ ಮಣ್ಣಿನ ಗದ್ದೆಗಳನ್ನೂ ಕೇಳಿ ನೋಡಿ. ನಮ್ಮ ಎರೆಭೂಮಿಯಂಥದಲ್ಲ ಅದು. ಒಣಗಿ ಬಿರುಕುಬಿಟ್ಟರೆ ಒಳಗಿನ ಗಂಧಕಕ್ಕೆ ಗಾಳಿ ತಗುಲಿ ಆಮ್ಲ ಆಗುತ್ತೆ, ನೀರಿನ ಮೇಲೆ ತುಕ್ಕಿನ ಬಣ್ಣದ ಕೆನೆ ಕಾಣುತ್ತೆ. ಸುಣ್ಣ ಹಾಕಿ, ನೀರು ಬಿಟ್ಟು ತೊಳೆದ ಮೇಲೇ ಬಿತ್ತನೆ.

ಸಮಯ ಇದ್ದರೆ ವೇಂಬನಾಡ್ ಹಿನ್ನೀರಿಗೆ ಅಡ್ಡ ಕಟ್ಟಿರೋ ತಣ್ಣೀರ್‌ಮುಕ್ಕಂ ಬಂಡ್ ನೋಡೋಕೂ ಹೋಗಿ. ಉಪ್ಪುನೀರು ಗದ್ದೆ ಕಡೆ ಬಾರದ ಹಾಗೆ ಸಾಮಾನ್ಯವಾಗಿ ಡಿಸೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಬಾಗಿಲು ಹಾಕಿರ್ತಾರೆ. ಬೆಳೆಗೆ ಅನುಕೂಲ, ಮೀನಿನ ಓಡಾಟಕ್ಕೆ ಅಡ್ಡಿ. ಈ ಜಗಳ ಇನ್ನೂ ಮುಗಿದಿಲ್ಲ.

ಹೌಸ್‌ಬೋಟಿಗೆ ದುಡ್ಡು ಹಾಕೋ ಮುಂಚೆ ಒಂದು ಗೊತ್ತಿರಲಿ: ಮಧ್ಯಾಹ್ನ 12ರ ಹೊತ್ತಿಗೆ ಹತ್ತಿಸ್ಕೊಂಡು ಸಂಜೆ 5.30ರ ಸುಮಾರಿಗೆ ದಡಕ್ಕೆ ಕಟ್ಟಿಬಿಡ್ತಾರೆ, ಯಾಕಂದ್ರೆ ರಾತ್ರಿ ಮೀನುಗಾರರು ಬಲೆ ಹಾಕೋ ಹೊತ್ತು. ದೊಡ್ಡ ಬೋಟು ಸಣ್ಣ ತೋಡುಗಳಿಗೆ ಹೋಗೋದೂ ಇಲ್ಲ. ನಿಮ್ಮ ಕೆಲಸಕ್ಕೆ ಕೈನಕರಿ ಕಡೆ ಸಣ್ಣ ದೋಣಿ ಮಾಡ್ಕೊಳ್ಳಿ, ಬೆಳಗ್ಗೆ ಏಳಕ್ಕೇ.